ಕಾಂತಾಳ ಎಡ ಅಂಗೈ

ಸ್ಟೋವ್ ಸಿಡಿಯುವುದಕ್ಕೆ ಮೊದಲೂ ಕಾಂತಾ ಅಂಜುಬುರುಕಿಯೇ ಆಗಿದ್ದಳು. ಬೈಲಹೊಂಗಲದ ಕಡೆಯ ಒಂದು ಹಳ್ಳಿಯಲ್ಲಿ, ಲೋಟ ಬಿದ್ದ ಸಪ್ಪಳಕ್ಕೇ ಅಪ್ಪನ ಕೈ ಮೇಲೇಳುತ್ತಿದ್ದ ಮನೆಯಲ್ಲಿ ಬೆಳೆದವಳು. ಏನಾದರೂ ತಪ್ಪಾದರೆ ಮೊದಲು ಅದನ್ನು ಯಾರ ಕಣ್ಣಿಗೂ ಬೀಳದಂತೆ ಮುಚ್ಚಿಡಬೇಕು ಎಂಬುದು ಅವಳಿಗೆ ಯಾರೂ ಹೇಳಿಕೊಡದೆಯೇ ಮೈಗೂಡಿತ್ತು.

ಮದುವೆಯಾಗಿ ಬೆಳಗಾವಿಯ ಹಿಂದವಾಡಿಗೆ ಬಂದಾಗ ಅವಳಿಗೆ ಇಪ್ಪತ್ತೊಂದು ವರ್ಷ. ಎರಡು ಕೋಣೆಯ ಬಾಡಿಗೆ ಮನೆ. ಗಂಡ ಬಸಲಿಂಗಪ್ಪ ರವಿವಾರ ಪೇಟೆಯ ಒಂದು ಕಾಳಿನ ಅಂಗಡಿಯಲ್ಲಿ ಗುಮಾಸ್ತ. ಮನೆಯಲ್ಲಿ ಇನ್ನೊಬ್ಬರೆಂದರೆ ಅತ್ತೆ ಗಂಗಾದೇವಿ. ಬೈಯುವ ಹೆಂಗಸಲ್ಲ ಆಕೆ. ಸೊಸೆಯ ಕೈಯಿಂದ ಹಾಲು ಚೆಲ್ಲಿದರೆ ತಾನೇ ಅರಿವೆ ತಂದು ಒರೆಸುವವಳು. ಆದರೂ ಕಾಂತಾಗೆ ಧೈರ್ಯ ಬರಲಿಲ್ಲ. ಇವತ್ತಲ್ಲ ನಾಳೆ ಬೈದೇ ಬೈಯುತ್ತಾರೆ ಎಂದು ಎರಡು ವರ್ಷ ಕಾಯುತ್ತಲೇ ಇದ್ದಳು.

೧೯೭೪ರ ಮಳೆಗಾಲದ ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಕಾಂತಾ ಹಿತ್ತಾಳೆಯ ಪಂಪ್ ಸ್ಟೋವನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಳು. ಒದ್ದೆ ಕೈಯಿಂದ ಅದು ಜಾರಿ ಬಚ್ಚಲ ಕಲ್ಲಿನ ಮೇಲೆ ಬಿತ್ತು. ಎತ್ತಿ ನೋಡಿದರೆ ಪಂಪಿನ ಬುಡದ ಬೆಸುಗೆ ಸಡಿಲಾಗಿ ಸೀಮೆಎಣ್ಣೆ ಜಿನುಗುತ್ತಿತ್ತು. ಅರಿವೆ ಒಗೆಯುವ ಸಾಬೂನನ್ನು ಉಗುರಿನಿಂದ ಕೆರೆದು ಆ ಸಂದಿಗೆ ಮೆತ್ತಿದಳು. ಜಿನುಗುವುದು ನಿಂತಿತು. ಸ್ಟೋವನ್ನು ಒರೆಸಿ, ಬಿರುಕಿದ್ದ ಬದಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು. ಗಂಡನಿಗೆ ಹೇಳಿದರೆ ಅವನು ಸಂಜೆಯೇ ಒಯ್ದು ಬೆಸುಗೆ ಹಾಕಿಸುತ್ತಿದ್ದ. ಅವಳು ಹೇಳಲಿಲ್ಲ.

ಎರಡು ದಿನ ಪಂಪನ್ನು ಮೆಲ್ಲಗೆ ಹೊಡೆದು ತಾನೇ ಅಡುಗೆ ಮಾಡಿದಳು. ಮೂರನೆಯ ದಿನ ಬೆಳಿಗ್ಗೆ ಉಪ್ಪಿಟ್ಟು ಮಾಡುತ್ತೇನೆಂದು ಗಂಗಾದೇವಿಯೇ ಸ್ಟೋವ್ ಹೊತ್ತಿಸಲು ಕುಳಿತಳು. ಕಾಂತಾ ಹೊರಗೆ ನಳದ ಹತ್ತಿರ ಇದ್ದಳು. ಪಂಪು ಹೊಡೆಯುವ ಸಪ್ಪಳ ಕೇಳಿತು. ಬೇಡ ಎಂದು ಕೂಗಬೇಕೆಂದು ಬಾಯಿ ತೆರೆದಳು, ದನಿ ಹೊರಡಲಿಲ್ಲ. ಆಮೇಲೆ ಕೇಳಿದ್ದು ಬೇರೆಯೇ ಸಪ್ಪಳ.

ಕೌದಿ ಎಳೆದು ಅತ್ತೆಯ ಮೇಲೆ ಹಾಕಿ, ಅದರ ಮೇಲೆ ತಾನೇ ಬಿದ್ದು ಬೆಂಕಿ ಆರಿಸಿದವಳು ಕಾಂತಾ. ಅವಳ ಎರಡೂ ಕೈ ಸುಟ್ಟವು. ಆಸ್ಪತ್ರೆಯಲ್ಲಿ ಬರೆದುಕೊಳ್ಳಲು ಬಂದ ಅಧಿಕಾರಿಗೆ ಗಂಗಾದೇವಿ, ತನ್ನ ಸೆರಗೇ ಉರಿಗೆ ತಾಗಿತು, ಇದರಲ್ಲಿ ಯಾರ ತಪ್ಪೂ ಇಲ್ಲ ಎಂದು ಹೇಳಿದಳಂತೆ. ನಾಲ್ಕನೆಯ ದಿನ ತೀರಿಕೊಂಡಳು. ಮಣ್ಣು ಕೊಡುವಾಗ ಕಾಂತಾ ಪಟ್ಟಿ ಕಟ್ಟಿದ ಕೈಗಳೊಂದಿಗೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದಳು. ಒಂದು ಹಿಡಿ ಮಣ್ಣನ್ನೂ ಹಾಕಲಾಗಲಿಲ್ಲ.

ಬಲಗೈ ವಾಸಿಯಾಯಿತು. ಎಡಗೈ ಆಗಲಿಲ್ಲ. ಸುಟ್ಟ ಚರ್ಮ ಬಿಗಿದು, ಬೆರಳು ಒಳಕ್ಕೆ ಸೇದಿ, ಅಂಗೈ ಮುಚ್ಚಿಕೊಂಡಿತು. ದಿನಾ ಹಿಟ್ಟು ನಾದಿದರೆ ಸಡಿಲಾದೀತು ಎಂದರು ಡಾಕ್ಟರು. ಆದರೆ ಹಿಟ್ಟು ಇರುವುದು ಅಡುಗೆಮನೆಯಲ್ಲಿ, ಕಾಂತಾಗೆ ಅದರ ಹೊಸ್ತಿಲು ದಾಟುವುದೇ ಆಗುತ್ತಿರಲಿಲ್ಲ. ಬಾಜೂ ಮನೆಯಲ್ಲಿ ಕಡ್ಡಿ ಗೀರಿದರೆ ಮೈ ಬೆವರುತ್ತಿತ್ತು. ಪಂಪಿನ ಸಪ್ಪಳ ಕೇಳಿದರೆ ಓಡಿ ಬೀದಿಗೆ ಬರುತ್ತಿದ್ದಳು. ಬಸಲಿಂಗಪ್ಪ ಖಾನಾವಳಿಯಿಂದ ಡಬ್ಬಿ ತರಿಸತೊಡಗಿದ.

ಇದೆಲ್ಲಕ್ಕಿಂತ ಅವಳನ್ನು ಹೆಚ್ಚು ಹೆದರಿಸಿದ್ದು ಇನ್ನೊಂದು. ಏಳು ವರ್ಷದವಳಿದ್ದಾಗಿನಿಂದ ದಿನವೂ ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆ ಮಾಡಿದವಳು ಅವಳು. ಈಗ ಕೊರಳಿನಿಂದ ಲಿಂಗ ತೆಗೆದು ಇಡಲು ಹೋದರೆ ಜಾಗವಿಲ್ಲ. ಮುಷ್ಟಿಯಂತಾದ ಕೈಯಿಂದ ಅದು ಉರುಳಿ ಮಡಿಲಿಗೆ ಬೀಳುತ್ತಿತ್ತು. ಬಲಗೈಯಲ್ಲಿ ಇಟ್ಟುಕೋ ತಾಯಿ, ಶಿವನಿಗೆ ಎಡ ಬಲ ಇಲ್ಲ ಎಂದು ಮಠದ ಅಯ್ಯನವರು ಸಮಾಧಾನ ಹೇಳಿದರು. ಅವಳಿಗೆ ಒಳಗೆ ಗೊತ್ತಿತ್ತು: ಸಾಬೂನು ಮೆತ್ತಿದ್ದು ಆ ಕೈಯೇ. ಶಿವ ಅದನ್ನು ನೋಡಿದ್ದಾನೆ, ಅದಕ್ಕೇ ಅಲ್ಲಿ ಕೂರಲು ಒಲ್ಲೆ ಎನ್ನುತ್ತಿದ್ದಾನೆ. ಪೂಜೆ ನಿಂತುಹೋಯಿತು.

ಬಸಲಿಂಗಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಆದರೆ ಒಮ್ಮೊಮ್ಮೆ ಉಣ್ಣುವುದನ್ನು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದ. ಏನೋ ಕೇಳುತ್ತಾನೆ ಎಂದು ಅವಳು ಉಸಿರು ಹಿಡಿಯುವಳು. ಅವನು ಕೇಳದೆ ಮತ್ತೆ ತುತ್ತು ಎತ್ತುವನು. ಆ ನೋಟಕ್ಕೆ ಅವಳು ಬೆಂಕಿಗಿಂತ ಹೆಚ್ಚು ಹೆದರುತ್ತಿದ್ದಳು. ಮರುವರ್ಷ ಅವನು, ಸ್ವಲ್ಪ ದಿನ ಹವಾ ಬದಲಾಗಲಿ ಎಂದು ಅವಳನ್ನು ಖಾನಾಪುರಕ್ಕೆ, ಅವಳ ದೊಡ್ಡವ್ವ ಅಕ್ಕವ್ವನ ಮನೆಗೆ ಬಿಟ್ಟು ಬಂದ. ತಿರುಗಿ ಕರೆದುಕೊಂಡು ಹೋಗುವ ಮಾತು ಆಡಲಿಲ್ಲ.

ಅಕ್ಕವ್ವ ಗಂಡ ಸತ್ತ ಹೆಂಗಸು. ಊರ ಹೊರಗಿನ ಕುಂಬಾರಿಕೆ ಕಲಿಸುವ ಕೇಂದ್ರದಲ್ಲಿ ಕಸ ಹೊಡೆಯುವ, ಮಣ್ಣಿಗೆ ನೀರು ಹಾಕುವ ಕೆಲಸ ಮಾಡುತ್ತಿದ್ದಳು. ಖಾನಾಪುರದ ಮಣ್ಣು ಹಂಚಿಗೂ ಗಡಿಗೆಗೂ ಹೆಸರಾದದ್ದು. ಆ ಕೇಂದ್ರದಲ್ಲಿ ಗಡಿಗೆಯ ಜೊತೆಗೆ ಗಾಜಿನಂತೆ ಹೊಳೆಯುವ ಗ್ಲೇಜು ಹಾಕಿದ ಭರಣಿ, ಹೂದಾನಿ, ಗೋಡೆಗೆ ಹಚ್ಚುವ ಚಿತ್ರದ ಬಿಲ್ಲೆ ಮಾಡುವುದನ್ನೂ ಕಲಿಸುತ್ತಿದ್ದರು. ಕಲಿಸುವವರು ರಾಯಪ್ಪ ಮಾಸ್ತರು, ಅರವತ್ತರ ಹತ್ತಿರದ ಮನುಷ್ಯ. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುವ ರೂಢಿ ಅವರದು.

ಮನೆಯಲ್ಲಿ ಅಕ್ಕವ್ವ ಒಲೆ ಹೊತ್ತಿಸುವ ಹೊತ್ತಿಗೆ ಕಾಂತಾ ಹೊರಗೆ ಹೋಗಿ ನಿಲ್ಲುತ್ತಿದ್ದಳು. ಹೀಗೆ ನಿಂತು ನಿಂತು ಒಂದು ದಿನ ಅಕ್ಕವ್ವನ ಹಿಂದೆಯೇ ಕೇಂದ್ರಕ್ಕೆ ಹೋದಳು. ರಾಯಪ್ಪ ಮಾಸ್ತರು ಅವಳ ಕೈ ನೋಡಿದರು. ಅಕ್ಕವ್ವ ಡಾಕ್ಟರು ಹೇಳಿದ್ದನ್ನೆಲ್ಲ ತಿಳಿಸಿದಳು.

"ನನಗ ರೋಗ ವಾಸಿ ಮಾಡಾಕ ಬರೂದಿಲ್ಲ ತಂಗಿ," ಎಂದರು ಮಾಸ್ತರು. "ಆದ್ರ ಮಣ್ಣ ನಾದಾಕ ಇಲ್ಲೆ ಕೈ ಕಡಿಮಿ ಬಿದ್ದಾವ. ಹಿಟ್ಟು ನಾದೂದು, ಇದು, ಎರಡೂ ಒಂದ. ಇಲ್ಲೆ ಒಲಿ ಇಲ್ಲ."

ಒದ್ದೆ ಮಣ್ಣಿನ ಮುದ್ದೆಯನ್ನು ಅವಳ ಮುಂದೆ ಇಟ್ಟು ಹೋದರು. ಕಾಂತಾ ಅದನ್ನು ಮುಟ್ಟಿದಳು, ತಣ್ಣಗಿತ್ತು. ಅತ್ತೆಯ ಮೈಮೇಲೆ ತಾನು ಹಾಕದೆ ಉಳಿದ ಆ ಒಂದು ಹಿಡಿ ನೆನಪಾಗಿ ಕೈ ಹಿಂದೆಳೆದುಕೊಂಡಳು. ಅಂದು ಕೆಲಸ ಮಾಡಲಿಲ್ಲ. ಆದರೆ ಮರುದಿನವೂ ಅಕ್ಕವ್ವ ಒಲೆ ಹೊತ್ತಿಸಬೇಕಾಗಿತ್ತು, ಅವಳು ಮನೆ ಬಿಡಬೇಕಾಗಿತ್ತು, ಹೋಗಲು ಬೇರೆ ಜಾಗವಿರಲಿಲ್ಲ. ಎರಡನೆಯ ದಿನ ಬಲಗೈ ಇಟ್ಟಳು. ನಾಲ್ಕನೆಯ ದಿನ ಎಡಗೈಯ ಮುಷ್ಟಿಯನ್ನೇ ಮಣ್ಣಿಗೆ ಒತ್ತಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು. ಮಣ್ಣು ಮಾತ್ರ ಒತ್ತಿದಷ್ಟೂ ಜಾಗ ಕೊಟ್ಟಿತು, ಏನನ್ನೂ ಕೇಳಲಿಲ್ಲ.

ತಿಂಗಳುಗಟ್ಟಲೆ ಬರಿ ನಾದುವುದೇ ಆಯಿತು. ಮಣ್ಣಿನಲ್ಲಿ ಗಾಳಿಯ ಗುಳ್ಳೆ ಉಳಿಯಬಾರದು, ಉಳಿದರೆ ಸುಡುವಾಗ ಪಾತ್ರೆ ಒಡೆಯುತ್ತದೆ. ಅದಕ್ಕೆ ಮುದ್ದೆಯನ್ನು ತಂತಿಯಿಂದ ಕೊಯ್ದು, ಬಡಿದು, ಮಡಚಿ, ಮತ್ತೆ ಒತ್ತಬೇಕು. ಒಡೆಯುತ್ತದೆ ಎಂಬ ಮಾತಿಗೇ ಹೆದರಿದ ಕಾಂತಾ ಬೇರೆಯವರು ಐವತ್ತು ಸಲ ಮಡಚಿದರೆ ತಾನು ನೂರು ಸಲ ಮಡಚುತ್ತಿದ್ದಳು. ಕೇಂದ್ರದಲ್ಲಿ ಎಲ್ಲರೂ ಅವಳು ನಾದಿದ ಮಣ್ಣೇ ಬೇಕೆನ್ನತೊಡಗಿದರು. ಬೆರಳುಗಳು ಜೋಳದ ಕಾಳಿನಷ್ಟು ಸಡಿಲಾದವು, ಆಮೇಲೆ ಇನ್ನಷ್ಟು. ಎರಡನೆಯ ವರ್ಷ ಮಾಸ್ತರು ಅವಳನ್ನು ಮಣ್ಣು ತಿರುಗಿಸುವ ತಿಗರಿಯ ಮುಂದೆ ಕೂರಿಸಿದರು. ತಿರುಗುವ ಮಣ್ಣಿನ ಮೇಲೆ ಎಡಗೈ ಚಪ್ಪಟೆಯಾಗಿ ನಿಲ್ಲದಿದ್ದರೆ ಪಾತ್ರೆ ನಡುವಿಗೆ ಬರುವುದಿಲ್ಲ. ನೂರಾರು ಸೊಟ್ಟ ಬಟ್ಟಲುಗಳನ್ನು ಮುದ್ದೆ ಮಾಡಿ ತೊಟ್ಟಿಗೆ ಎಸೆದ ಮೇಲೆ ಒಂದು ದಿನ ಬಟ್ಟಲು ನೆಟ್ಟಗೆ ಎದ್ದಿತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಅಕ್ಕವ್ವ ಕಾಣದಂತೆ ಹಿತ್ತಲಲ್ಲಿ ಕುಳಿತು ಲಿಂಗ ಕೈಗಿಟ್ಟುಕೊಂಡಳು. ಉರುಳೀತೆಂದು ಬಲಗೈಯನ್ನು ಕೆಳಗೆ ಒಡ್ಡಿದ್ದಳು. ಅದು ಉರುಳಲಿಲ್ಲ. ಅಂಗೈ ಪೂರ್ತಿ ತೆರೆದಿರಲಿಲ್ಲ, ಒಂದು ಸಣ್ಣ ಬಟ್ಟಲಿನಂತೆ ಇತ್ತು. ಲಿಂಗ ಅದರಲ್ಲಿ ಕುಳಿತಿತು. ಸಂತೋಷಕ್ಕಿಂತ ಮೊದಲು ಹೆದರಿಕೆಯೇ ಬಂತು ಅವಳಿಗೆ. ಇಷ್ಟು ದಿನ ಒಲ್ಲೆ ಎಂದವನು ಈಗ ಬಂದು ಕುಳಿತಿದ್ದಾನೆ, ಇನ್ನು ಇವನಿಂದ ಏನನ್ನೂ ಮುಚ್ಚಿಡುವಂತಿಲ್ಲ ಎನ್ನಿಸಿತು.

ಅಂದಿನಿಂದ ಅವಳು ಭರಣಿ ಮಾಡತೊಡಗಿದಳು. ದುಂಡು ಹೊಟ್ಟೆಯ ಭರಣಿ, ಅದರ ಮುಚ್ಚಳದ ಮೇಲೆ ಹಿಡಿಯಲು ಒಂದು ಕೂತ ಗುಬ್ಬಿ. ಮಾಸ್ತರು ಗುಬ್ಬಿಗಳನ್ನು ನೋಡಿ, ಎಲ್ಲವೂ ಹಾರಿಹೋಗಲು ತಯಾರಾಗಿ ಕೂತಂತಿವೆ ಎಂದರು. ಕೆಲಸದ ಹೊತ್ತಿನಲ್ಲಿ ಅವಳಿಗೆ ಅಂಜಿಕೆಯ ನೆನಪೂ ಇರುತ್ತಿರಲಿಲ್ಲ. ಆದರೆ ಪಾತ್ರೆ ಸುಡುವ ಭಟ್ಟಿಗೆ ಬೆಂಕಿ ಹಾಕುವ ದಿನ ಬಂದರೆ ತಲೆನೋವೆಂದು ಮನೆಯಲ್ಲಿ ಉಳಿಯುತ್ತಿದ್ದಳು. ಅವಳ ಪಾತ್ರೆಗಳನ್ನು ಬೇರೆಯವರು ಒಳಗಿಟ್ಟು, ಬೇರೆಯವರು ಸುಟ್ಟು, ಬೇರೆಯವರು ಹೊರತೆಗೆಯುತ್ತಿದ್ದರು. ಮಾಸ್ತರು ಅದನ್ನು ಕಂಡೂ ಕಾಣದಂತೆ ಇದ್ದರು.

೧೯೭೭ರ ಬೇಸಿಗೆಯಲ್ಲಿ ಆ ಸೌಲಭ್ಯವೂ ಹೋಯಿತು. ಭಟ್ಟಿಗೆ ಬೆಂಕಿ ಹಾಕಿ ಒಂದು ಹಗಲು ಒಂದು ರಾತ್ರಿ ಆಗಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಬಾಳಪ್ಪ ಬೆಳಿಗ್ಗೆ ಚಳಿಜ್ವರ ಬಂದು ಮಲಗಿದ. ಸೌದೆ ಹಾಕಲು ಅಕ್ಕವ್ವ ಇದ್ದಳು. ಆದರೆ ಶಾಖ ಎಷ್ಟಾಯಿತೆಂದು ನೋಡುವವರು ಬೇಕು. ಭಟ್ಟಿಯ ಗೋಡೆಯಲ್ಲಿ ಒಂದು ಕಿಂಡಿ. ಅದರ ಇಟ್ಟಿಗೆ ತೆಗೆದರೆ ಒಳಗೆ ಮಣ್ಣಿನ ಮೂರು ಸಣ್ಣ ಕೋನುಗಳು ಕಾಣುತ್ತವೆ. ಶಾಖ ಹದಕ್ಕೆ ಬಂದಾಗ ನಡುವಿನ ಕೋನು ಮೆತ್ತಗಾಗಿ ಬಾಗುತ್ತದೆ. ಆಗ ಬೆಂಕಿ ನಿಲ್ಲಿಸಬೇಕು. ತಡವಾದರೆ ಗ್ಲೇಜು ಹರಿದು ಎಲ್ಲ ಪಾತ್ರೆಗಳೂ ಒಂದಕ್ಕೊಂದು ಅಂಟಿ ಹಾಳಾಗುತ್ತವೆ. ಮಾಸ್ತರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಿಂಡಿಯಲ್ಲಿ ನೋಡಿದರೆ ಅವರಿಗೆ ಬರಿ ಬಿಳಿ ಕಾಣುತ್ತಿತ್ತು. ಕಲಿಯಲು ಬಂದ ಹುಡುಗರು ಬೇಸಿಗೆ ರಜೆಗೆ ಊರಿಗೆ ಹೋಗಿದ್ದರು.

ಅಕ್ಕವ್ವ ಮನೆಗೆ ಬಂದು ಕರೆದಾಗ ಕಾಂತಾ ಬರಲು ಒಪ್ಪಲಿಲ್ಲ. ಅಕ್ಕವ್ವ ಅವಳ ರಟ್ಟೆ ಹಿಡಿದು ಎಳೆದುಕೊಂಡೇ ಬಂದಳು. ಭಟ್ಟಿ ದೂರದಿಂದಲೇ ಗುಂಯ್ ಎನ್ನುತ್ತಿತ್ತು. ಒಳಗೆ ಯಾರೋ ಪಂಪು ಹೊಡೆಯುತ್ತಿದ್ದಾರೆ ಎನ್ನಿಸಿತು ಅವಳಿಗೆ. ಕೈ ಬಿಡಿಸಿಕೊಂಡು ಬಾವಿಯ ಕಟ್ಟೆಯವರೆಗೂ ಓಡಿದಳು. ಅಲ್ಲಿ ಕಲ್ಲು ಹಿಡಿದು ಕುಳಿತು ವಾಂತಿ ಮಾಡಿಕೊಂಡಳು. ಮಾಸ್ತರು ಕೋಲು ಊರುತ್ತ ನಿಧಾನವಾಗಿ ಅವಳ ಹತ್ತಿರ ಬಂದು ನಿಂತರು.

"ಅಂಜಬ್ಯಾಡ ಅಂತ ನಾ ಹೇಳಂಗಿಲ್ಲ," ಎಂದರು. "ಅಂಜಿಕೊಂಡ ಬಾ. ಬಂದು ನೋಡಿ, ಏನ ಕಾಣತೈತಿ ಅಷ್ಟ ಹೇಳು. ಹೇಳಿದ ಮ್ಯಾಲ ಮತ್ತ ಇಲ್ಲೆ ಓಡಿ ಬಂದು ಕುಂದ್ರು."

ಅವಳು ಬಾಯಿ ತೊಳೆದುಕೊಂಡು ಎದ್ದಳು. ಭಟ್ಟಿಯ ಕಡೆ ಹೋಗುವಾಗ ಒಂದೊಂದು ಹೆಜ್ಜೆಗೂ ಮುಖಕ್ಕೆ ಶಾಖ ಏರುತ್ತಿತ್ತು, ಎಡಗೈಯ ಹಳೆಯ ಗಾಯ ತಾನಾಗಿ ಬಿಗಿಯುತ್ತಿತ್ತು. ಅಕ್ಕವ್ವ ಇಕ್ಕಳದಿಂದ ಕಿಂಡಿಯ ಇಟ್ಟಿಗೆ ತೆಗೆದಳು. ಕಾಂತಾ ಸೆರಗನ್ನು ಎರಡು ಸುತ್ತು ಸೊಂಟಕ್ಕೆ ಬಿಗಿದು, ಒದ್ದೆ ಅರಿವೆ ಮುಖಕ್ಕೆ ಹಿಡಿದು ಬಗ್ಗಿದಳು.

ಒಳಗೆ ಜ್ವಾಲೆ ಇದೆ, ಮುಖಕ್ಕೆ ನುಗ್ಗುತ್ತದೆ ಎಂದುಕೊಂಡಿದ್ದಳು. ಜ್ವಾಲೆ ಇರಲಿಲ್ಲ. ಹಣ್ಣು ಕಿತ್ತಳೆ ಬಣ್ಣದ ಬೆಳಕು ಅಲುಗಾಡದೆ ತುಂಬಿಕೊಂಡಿತ್ತು. ಅದರಲ್ಲಿ ಅವಳ ಭರಣಿಗಳು ಸಾಲಾಗಿ ನಿಂತಿದ್ದವು, ಗುಬ್ಬಿಗಳು ಮುಚ್ಚಳದ ಮೇಲೆಯೇ ಕುಳಿತಿದ್ದವು. ಅವು ಉರಿಯುತ್ತಿರಲಿಲ್ಲ. ತಾವೂ ಬೆಳಕಿನ ಬಣ್ಣಕ್ಕೆ ತಿರುಗಿ ಸುಮ್ಮನೆ ನಿಂತಿದ್ದವು. ಅಷ್ಟು ದೊಡ್ಡ ಸಪ್ಪಳದ ಒಳಗೆ ಅಷ್ಟೊಂದು ಮೌನ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಕೋನು ಬಾಗೇತೇನ?" ಎಂದು ಮಾಸ್ತರು ಕೇಳಿದರು.

"ಇಲ್ಲ ಮಾಸ್ತರ. ನೆಟ್ಟಗ ನಿಂತೈತಿ."

ಹೇಳಿದವಳೇ ಬಾವಿಗೆ ಓಡಿದಳು. ಕಾಲು ಗಂಟೆಗೊಮ್ಮೆ ಬಂದು ನೋಡಿ, ಹೇಳಿ, ಮತ್ತೆ ಓಡುತ್ತಿದ್ದಳು. ಹೀಗೆ ಹದಿಮೂರು ಸಲ. ಮಧ್ಯಾಹ್ನ ಬಿಸಿಲು ನೆತ್ತಿಯಿಂದ ಇಳಿಯುವ ಹೊತ್ತಿಗೆ ನಡುವಿನ ಕೋನು ತಲೆ ತೂಗಿ ಬಾಗಿತು. ಅವಳ ಮಾತಿನ ಮೇಲೆ ಸೌದೆ ನಿಲ್ಲಿಸಿದರು.

ಮೂರು ದಿನ ಭಟ್ಟಿ ಆರಿದ ಮೇಲೆ ಬಾಗಿಲ ಇಟ್ಟಿಗೆ ಬಿಚ್ಚಿದರು. ಪಾತ್ರೆಗಳು ಚೆನ್ನಾಗಿ ಬಂದಿದ್ದವು. ಕಾಂತಾಳ ಒಂದು ಭರಣಿ ಮಾತ್ರ ಕೊರಳಿನಿಂದ ಬುಡದವರೆಗೆ ಸೀಳಿತ್ತು. ಮಾಸ್ತರು ಅದನ್ನು ಎತ್ತಿ, ಸೀಳಿನ ಮೇಲೆ ಹೆಬ್ಬೆರಳು ಆಡಿಸಿ, ಹಸಿ ಇದ್ದಾಗ ಇಲ್ಲಿ ಬಿರುಕು ಬಿಟ್ಟಿತ್ತೇ ಎಂದು ಕೇಳಿದರು. ಬಿಟ್ಟಿತ್ತು. ಅವಳು ಒಂದಿಷ್ಟು ನೀರುಮಣ್ಣು ಹಚ್ಚಿ ತಿಕ್ಕಿ ಕಾಣದಂತೆ ಮಾಡಿದ್ದಳು.

"ಮುಚ್ಚೂದಕಿಂತ ಮೊದಲ ನನಗ ತೋರಸಬೇಕಿತ್ತಲ್ಲ. ಎರಡ ನಿಮಿಷದ ಕೆಲಸ," ಎಂದು ಹೇಳಿ ಅವರು ಮುಂದಿನ ಪಾತ್ರೆ ಎತ್ತಿಕೊಂಡರು. ಅವರಿಗೆ ಅದು ದಿನನಿತ್ಯದ ಮಾತು.

ಕಾಂತಾ ಅಲ್ಲಿಂದ ನೇರ ಮನೆಗೆ ಹೋಗಿ ಗೋಡೆಗೆ ಒರಗಿ ಕುಳಿತಳು. ಅಕ್ಕವ್ವ ಎಷ್ಟು ಕರೆದರೂ ಉಣ್ಣಲಿಲ್ಲ. ಮರುದಿನ ಬೆಳಗಿನ ರೈಲು ಹತ್ತಿ ಒಬ್ಬಳೇ ಬೆಳಗಾವಿಗೆ ಬಂದಳು. ಭಟ್ಟಿಯ ಮುಂದೆ ಹೆದರಿದ್ದು ಏನೂ ಅಲ್ಲ ಎನ್ನುವಷ್ಟು ಹೆದರಿಕೆ ಆ ಒಂದು ಗಂಟೆಯ ಪ್ರಯಾಣದಲ್ಲಿ ಅವಳಿಗೆ ಆಯಿತು. ನಡುವಿನ ದೇಸೂರಿನಲ್ಲಿ ಇಳಿದುಬಿಡಬೇಕೆಂದು ಬಾಗಿಲವರೆಗೂ ಹೋಗಿದ್ದಳು. ಬಸಲಿಂಗಪ್ಪ ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ. ಅವಳು ಒಳಗೆ ಬರದೆ ಬಾಗಿಲಲ್ಲೇ ನಿಂತು, ಸ್ಟೋವ್ ಬಿದ್ದದ್ದು, ಸಾಬೂನು ಮೆತ್ತಿದ್ದು, ಗೋಡೆಯ ಕಡೆ ತಿರುಗಿಸಿ ಇಟ್ಟದ್ದು, ಬೇಡ ಎಂದು ಕೂಗಲು ದನಿ ಬಾರದ್ದು, ಎಲ್ಲವನ್ನೂ ಹೇಳಿದಳು.

ಅವನು ಹೊಸ್ತಿಲ ಮೇಲೆ ಕುಳಿತುಕೊಂಡ. ಮೆಟ್ಟಿದ್ದ ಚಪ್ಪಲಿ ಬಿಟ್ಟು, "ನನಗ ಗೊತ್ತೈತಿ," ಎಂದ.

ಅವಳಿಗೆ ಅರ್ಥವಾಗಲಿಲ್ಲ.

"ಅವ್ವ ದವಾಖಾನಿಯೊಳಗ ಹೇಳಿದ್ಲು. ಸಾಬೂನ ಹಚ್ಚಿದ್ದು ಆಕಿ ಆಮ್ಯಾಲ ನೋಡಿದ್ಲಂತ. ಸೋರೂದು ನಿಂತೈತಿ, ಸಂತಿ ದಿನ ಮಾಡಿಸಿದ್ರಾತು ಅಂತ ಆಕಿನ ಬಿಟ್ಟಿದ್ಲು. ಕಾಂತಾನ ಏನೂ ಕೇಳಬ್ಯಾಡ, ಅಂಜಿ ಸಾಯ್ತಾಳ ಅಂದ್ಲು. ಅದಕ್ಕ ಕೇಳಲಿಲ್ಲ. ನೀನಾಗಿ ಹೇಳ್ತಿ ಅಂತ ಕಾದೆ. ಕಾದು ಕಾದು ಸಿಟ್ಟು ಬಂತು, ಅದಕ್ಕ ಅಲ್ಲೆ ಬಿಟ್ಟ ಬಂದೆ."

ಇದನ್ನು ಕೇಳಿ ಕಾಂತಾಗೆ ಹಗುರವಾಗಬೇಕಿತ್ತು. ಆಗಲಿಲ್ಲ. ಮೂರು ವರ್ಷ. ಒಂದು ಮಾತು ಹೇಳಿದ್ದರೆ ಮೂರು ವರ್ಷದ ನರಕ ತಪ್ಪುತ್ತಿತ್ತು. ಅವಳಿಗೆ ಹುಟ್ಟಿದಾಗಿನಿಂದ ಬಾರದ ಸಿಟ್ಟು ಬಂತು. "ನೀವೂ ಮುಚ್ಚಿಟ್ರಿ," ಎಂದಷ್ಟೇ ಹೇಳಿ, ನೀರೂ ಕುಡಿಯದೆ ನಡೆದುಕೊಂಡೇ ಸ್ಟೇಷನ್ನಿಗೆ ಹೋದಳು. ರೈಲು ಹತ್ತುವ ಮೊದಲು ಅತ್ತೆಗೆ ಮಣ್ಣು ಕೊಟ್ಟ ಜಾಗವನ್ನು ಓಣಿಯವರಲ್ಲಿ ಕೇಳಿಕೊಂಡು ಅಲ್ಲಿಗೆ ಹೋಗಿ ಕುಳಿತಿದ್ದಳಂತೆ. ಅಲ್ಲಿ ಏನು ಮಾಡಿದಳು, ಏನು ಹೇಳಿಕೊಂಡಳು ಎಂಬುದನ್ನು ಅಕ್ಕವ್ವನಿಗೂ ಹೇಳಲಿಲ್ಲ.

ಮುಂದಿನ ರವಿವಾರ ಬಸಲಿಂಗಪ್ಪ ಖಾನಾಪುರಕ್ಕೆ ಬಂದ. ಕಾಂತಾ ಮಾತಾಡಿಸಲಿಲ್ಲ, ಮಣ್ಣು ನಾದುತ್ತಲೇ ಇದ್ದಳು. ಅವನು ಸಂಜೆಯವರೆಗೂ ಕೂತು ಎದ್ದು ಹೋದ. ಅದರ ಮುಂದಿನ ವಾರವೂ ಬಂದ. ಐದನೆಯ ವಾರ ಅವಳು ಅವನ ಕಡೆ ಒಂದು ಮುದ್ದೆ ಮಣ್ಣು ತಳ್ಳಿ, ಸುಮ್ಮನೆ ಕೂರುವ ಬದಲು ಇದನ್ನು ಮಡಚಿರಿ ಎಂದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಹಿಂದವಾಡಿಯ ಮನೆ ಬಿಟ್ಟು ಖಾನಾಪುರಕ್ಕೆ ಬಂದಿದ್ದ. ದಿನವೂ ರೈಲಿನಲ್ಲಿ ಅಂಗಡಿಗೆ ಹೋಗಿ ಬರುತ್ತಿದ್ದ. ಎರಡು ವರ್ಷದ ಮೇಲೆ ಒಬ್ಬ ಮಗಳು ಹುಟ್ಟಿದಳು.

ರಾಯಪ್ಪ ಮಾಸ್ತರು ಕೆಲಸ ಬಿಟ್ಟ ಮೇಲೆ ಕೇಂದ್ರದಲ್ಲಿ ಹೊಸಬರಿಗೆ ಮಣ್ಣು ಹದ ಮಾಡುವುದನ್ನು ಕಾಂತಾಳೇ ಕಲಿಸಿದಳು. ಭಟ್ಟಿಯನ್ನೂ ನೋಡಿಕೊಳ್ಳುತ್ತಿದ್ದಳು. ಪ್ರತಿ ಸಲವೂ ಬೆಂಕಿ ಹಾಕುವ ಮೊದಲು ಅವಳ ಬಾಯಿ ಒಣಗುತ್ತಿತ್ತು. ಹಿಂದೆ ಓಡಲು ದಾರಿ ಖಾಲಿ ಇದೆಯೇ ಎಂದು ಎರಡು ಸಲ ತಿರುಗಿ ನೋಡುತ್ತಿದ್ದಳು. ಬೆಳಗಾವಿಯ ಡಾಕ್ಟರೊಬ್ಬರು ವರ್ಷಕ್ಕೆ ಒಬ್ಬರೋ ಇಬ್ಬರೋ ಕೈ ಸುಟ್ಟ ಹೆಂಗಸರನ್ನು ಅವಳಲ್ಲಿಗೆ ಕಳಿಸುತ್ತಿದ್ದರು. ಯಾರಿಗೂ ಅವಳು ಉಪದೇಶ ಮಾಡಲಿಲ್ಲ. ಕೆಲವರು ಉಳಿದರು, ಕೆಲವರು ಎರಡೇ ದಿನಕ್ಕೆ ಹೋದರು. ಉಳಿದವರಲ್ಲಿ ಫಕೀರವ್ವ ಎಂಬುವಳು ಮಾಡಿದ ಹೂಜಿಗಳು ಆಮೇಲೆ ಕಾಂತಾಳ ಭರಣಿಗಿಂತ ಹೆಸರಾದವು.

೧೯೮೭ರಲ್ಲಿ ಬಸಲಿಂಗಪ್ಪ ಮನೆಗೆ ಗ್ಯಾಸ್ ತರಿಸಿದ. ಭಟ್ಟಿ ಸುಡುವ ಹೆಂಗಸಿಗೆ ಇದೇನು ದೊಡ್ಡದು ಎಂದುಕೊಂಡಿದ್ದ. ಕೆಂಪು ಸಿಲಿಂಡರ್ ಕಂಡದ್ದೇ ಕಾಂತಾ ಮಗಳ ಕೈ ಹಿಡಿದು ಅಂಗಳಕ್ಕೆ ಬಂದು ನಿಂತಳು. ಓಣಿಯವರು ನಕ್ಕರು, ಅವಳೂ ನಕ್ಕಳು, ಆದರೆ ಒಳಗೆ ಹೋಗಲಿಲ್ಲ. ಅಲ್ಲಿಯವರೆಗೆ ಅಕ್ಕವ್ವ ಮಾಡುತ್ತಿದ್ದ ಒಲೆಯ ಕೆಲಸ ಅಂದಿನಿಂದ ಅವನದೇ ಆಯಿತು. ಬೆಳಿಗ್ಗೆ ರೊಟ್ಟಿ ಸುಟ್ಟು, ಪಲ್ಯ ಮಾಡಿ, ಮಗಳಿಗೆ ಶಾಲೆಗೆ ಕಟ್ಟಿಕೊಟ್ಟು, ತಾನು ಸ್ಟೇಷನ್ನಿಗೆ ಓಡುತ್ತಿದ್ದ. ಅವಳು ಬಾಗಿಲ ಹೊರಗೆ ನಿಂತು, ಉರಿ ಸಣ್ಣ ಮಾಡ್ರೀ, ಗ್ಯಾಸಿನ ನಳಿಗೆ ಸರಿ ಐತೇನ ನೋಡ್ರೀ ಎಂದು ಹೇಳುತ್ತಿದ್ದಳು. ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ, ಹೊರಗೆ ನಿಂತು ಕಾಲು ನೋಯುತ್ತದೆ ಎಂದು ಹೇಳಿ, ಅವಳು ಒಳಗೆ ಬಂದು ಬಾಗಿಲ ಪಕ್ಕದಲ್ಲೇ ಮಣೆ ಹಾಕಿಕೊಂಡು ಕುಳಿತು ಉಳ್ಳಾಗಡ್ಡಿ ಹೆಚ್ಚತೊಡಗಿದಳು. ಬಸಲಿಂಗಪ್ಪ ತಿರುಗಿ ನೋಡಿದ, ಹಂಚಿನ ಮೇಲಿನ ರೊಟ್ಟಿ ಮಗುಚಿ ಹಾಕಿದ.